12 ವರ್ಷದ ಸೆಡಾನ್ ತಗೊಂಡು 4 ವರ್ಷ ಓಡಿಸಿದ ಅನುಭವ

ನಾನು ಈ ಕಾರು ತಗೊಂಡಾಗ ಅದಕ್ಕೆ 12 ವರ್ಷ ಆಗಿತ್ತು. ಮೀಟರ್‌ನಲ್ಲಿ 84,000 ಕಿ.ಮೀ. ತೋರಿಸುತ್ತಿತ್ತು. ಪೆಟ್ರೋಲ್ ಎಂಜಿನ್, ಮ್ಯಾನುಯಲ್ ಗೇರ್. ವರ್ಷಕ್ಕೆ 7,000 ಕಿ.ಮೀ. ಲೆಕ್ಕ ಬಿತ್ತು, ಜಾಸ್ತಿ ಓಡದ ಗಾಡಿ ಅಂತ ಖುಷಿಪಟ್ಟೆ. ಎಂಜಿನ್ ನಿಜಕ್ಕೂ ಚೆನ್ನಾಗಿಯೇ ಇತ್ತು, ಈಗಲೂ ಇದೆ. ದುಡ್ಡು ಹೋಗಿದ್ದೆಲ್ಲ ಅದರ ಸುತ್ತ ಇರುವ ರಬ್ಬರ್ ಮತ್ತು ಪ್ಲಾಸ್ಟಿಕ್‌ಗೆ. ಗಾಡಿ ಓಡಲಿ, ನಿಂತಿರಲಿ, ರಬ್ಬರ್‌ಗೆ ವಯಸ್ಸಾಗುತ್ತಲೇ ಇರುತ್ತದೆ. ಹಳೆಯ ಕಾರು ನೋಡಲು ಹೋಗುವವರು ಮೀಟರ್ ನೋಡುವಷ್ಟೇ ಗಮನದಿಂದ ತಯಾರಾದ ವರ್ಷವನ್ನೂ ನೋಡಬೇಕು ಅಂತ ನಾನು ಹೇಳುವುದು ಇದಕ್ಕೇ.

ತಗೊಂಡ ಮೊದಲ ವಾರವೇ ಹೊಸ ಟೈಮಿಂಗ್ ಬೆಲ್ಟ್ ಹಾಕಿಸಿದೆ. ಪಿಸ್ಟನ್ ಮತ್ತು ವಾಲ್ವ್ ಒಂದೇ ತಾಳದಲ್ಲಿ ಓಡುವಂತೆ ನೋಡಿಕೊಳ್ಳುವ ಹಲ್ಲಿನ ರಬ್ಬರ್ ಬೆಲ್ಟ್ ಅದು. ಹಿಂದಿನ ಮಾಲೀಕರ ಹತ್ತಿರ ಬಿಲ್ ಇರಲಿಲ್ಲ. ‘ಹೋದ ಸರ್ವಿಸ್‌ನಲ್ಲಿ ಹಾಕಿರ್ತಾರೆ’ ಅಂದರು. ಬಿಲ್ ಇಲ್ಲ ಅಂದರೆ ಹಾಕಿಲ್ಲ ಅಂತಲೇ ಲೆಕ್ಕ. ನನ್ನ ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ಮೇಲೆ ಬಂದು ವಾಲ್ವ್‌ಗೆ ಹೊಡೆಯುತ್ತದೆ. ವಾಲ್ವ್ ಬಾಗಿದರೆ ಹೆಡ್, ಅಂದರೆ ಎಂಜಿನ್‌ನ ಮೇಲ್ಭಾಗ ಬಿಚ್ಚಲೇಬೇಕು. ಬೆಲ್ಟ್ ಜೊತೆಗೇ ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್, ಐಡ್ಲರ್ ಬೇರಿಂಗ್, ವಾಟರ್ ಪಂಪ್ ಮೂರನ್ನೂ ಬದಲಾಯಿಸಿದೆ. ಬಿಚ್ಚುವ ಕೂಲಿ ಒಂದೇ, ಎರಡನೇ ಸಲ ಯಾಕೆ ಕೊಡಬೇಕು ಅಲ್ವಾ? ಹಳೆಯ ಬೆಲ್ಟ್ ಕೈಗೆ ಬಂದಾಗ ಹಿಂದಕ್ಕೆ ಮಡಚಿ ನೋಡಿದೆ. ಹಲ್ಲುಗಳ ಬುಡದಲ್ಲಿ ಸಾಲಾಗಿ ಸಣ್ಣ ಬಿರುಕುಗಳು.

ಆಮೇಲೆ ಆರು ತಿಂಗಳು ನನ್ನನ್ನು ಕಾಡಿದ್ದು ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ. ಹತ್ತು ದಿನಕ್ಕೊಮ್ಮೆ ನೋಡಿದರೆ ಡಬ್ಬಿಯಲ್ಲಿ ಒಂದು ಬೆರಳಷ್ಟು ಇಳಿದಿರುತ್ತಿತ್ತು. ಗಾಡಿ ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಇಲ್ಲ. ಕೂಲಂಟ್ ಹೋಗುತ್ತಿದೆ, ಹೊರಗೆ ಕಾಣುತ್ತಿಲ್ಲ ಅಂದರೆ ಎಲ್ಲರಿಗೂ ಮೊದಲು ಬರುವ ಅನುಮಾನ ಹೆಡ್ ಗ್ಯಾಸ್ಕೆಟ್ ಮೇಲೆ, ಅಂದರೆ ಹೆಡ್ ಕೆಳಗೆ ಕೂಲಂಟ್ ಎಂಜಿನ್ ಒಳಗೆ ನುಗ್ಗದಂತೆ ತಡೆಯುವ ಸೀಲ್ ಮೇಲೆ. ತೋರಿಸಿದ ಗ್ಯಾರೇಜ್‌ನಲ್ಲೂ ಹೆಡ್ ಇಳಿಸಿಬಿಡೋಣ ಅಂದರು. ನಾನು ಒಂದು ವಾರ ಟೈಮ್ ತಗೊಂಡೆ.

ಆಯಿಲ್ ಕ್ಯಾಪ್ ತೆಗೆದು ಒಳಗಡೆ ನೋಡಿದೆ, ಹಾಲು ಬೆರೆಸಿದ ಹಾಗೆ ಕೆನೆ ಕಟ್ಟಿರಲಿಲ್ಲ. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಇರಲಿಲ್ಲ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ರೇಡಿಯೇಟರ್‌ನ ಮೇಲಿನ ಹೋಸ್ ಹಿಸುಕಿ ನೋಡಿದೆ, ಮೆತ್ತಗಿತ್ತು, ಒಳಗೆ ಒತ್ತಡ ಉಳಿದಿರಲಿಲ್ಲ. ಗ್ಯಾಸ್ಕೆಟ್ ಹೋಗಿದ್ದರೆ ಇವುಗಳಲ್ಲಿ ಒಂದಾದರೂ ಕಾಣುವುದು ಸಾಮಾನ್ಯ. ಆದರೂ ಪೂರ್ತಿ ಧೈರ್ಯ ಬರಲಿಲ್ಲ. ಗೆಳೆಯನೊಬ್ಬನ ಹತ್ತಿರ ಪ್ರೆಷರ್ ಟೆಸ್ಟರ್ ಇತ್ತು, ಕೇಳಿ ತಂದೆ. ರೇಡಿಯೇಟರ್ ಕ್ಯಾಪ್ ಇರುವ ಜಾಗಕ್ಕೆ ಕೂರಿಸುವ ಕೈ ಪಂಪ್ ಅದು. ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಕ್ಯಾಪ್ ಮೇಲೆ ಬರೆದಷ್ಟು ಒತ್ತಡಕ್ಕೆ ಪಂಪ್ ಮಾಡಿ ಬಿಟ್ಟೆ. ಅದರ ಮೀಟರ್‌ನ ಮುಳ್ಳು ನಿಧಾನವಾಗಿ ಇಳಿಯತೊಡಗಿತು. ಟಾರ್ಚ್ ಹಿಡಿದು ಒಂದೊಂದೇ ಜಾಗ ಹುಡುಕಿದೆ. ಇಪ್ಪತ್ತು ನಿಮಿಷ ಆದ ಮೇಲೆ ರೇಡಿಯೇಟರ್‌ನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಂಗೆ ಸೇರುವ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಹನಿ ಕಾಣಿಸಿತು. ಅದರ ಕೆಳಗೆ ಒಣಗಿ ಕಟ್ಟಿದ ಹಸಿರು ಕಲೆ. ಗಾಡಿ ಓಡುವಾಗ ಅಲ್ಲಿಂದ ಜಿನುಗಿದ್ದು ಬಿಸಿಗೆ ಆರಿ ಹೋಗುತ್ತಿತ್ತು, ನೆಲಕ್ಕೆ ಬೀಳುತ್ತಲೇ ಇರಲಿಲ್ಲ.

ರೇಡಿಯೇಟರ್, ಕ್ಯಾಪ್, ಎರಡೂ ಹೋಸ್, ಥರ್ಮೋಸ್ಟಾಟ್ ಎಲ್ಲ ಹೊಸದು ಹಾಕಿದೆ. ಹೆಡ್ ಇಳಿಸುವ ಖರ್ಚಿನ ಕಾಲು ಭಾಗವೂ ಆಗಲಿಲ್ಲ. ಕ್ಯಾಪ್ ಸಣ್ಣ ವಸ್ತು ಅಂತ ಹಳೆಯದನ್ನೇ ಉಳಿಸಿಕೊಳ್ಳಬೇಡಿ. ಅದು ಒತ್ತಡ ಹಿಡಿದಿಟ್ಟರೆ ಮಾತ್ರ ಕೂಲಂಟ್ 120 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೂ ಕುದಿಯುವುದಿಲ್ಲ. ಸ್ಪ್ರಿಂಗ್ ಸಡಿಲವಾದ ಕ್ಯಾಪ್ ಇದ್ದರೆ ಹೊಸ ರೇಡಿಯೇಟರ್ ಕೂಡ ಉಕ್ಕುತ್ತದೆ. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಹಾಕಿದೆ. ನಲ್ಲಿ ನೀರು ಹಾಕಿದರೆ ಒಳಗೆ ಉಪ್ಪು ಕಟ್ಟುತ್ತದೆ. ತುಂಬಿದ ಮೇಲೆ ಗಾಳಿ ತೆಗೆಯುವುದು ಮುಖ್ಯ. ಹೀಟರ್ ಪೂರ್ತಿ ತಿರುಗಿಸಿ, ಫ್ಯಾನ್ ಎರಡು ಸಲ ಆನ್ ಆಗಿ ಆಫ್ ಆಗುವವರೆಗೂ ಎಂಜಿನ್ ಓಡಿಸಿ, ತಣ್ಣಗಾದ ಮೇಲೆ ಮತ್ತೆ ಲೆವೆಲ್ ನೋಡಿ ತುಂಬಿಸಿದೆ. ಬಿಸಿ ಇರುವಾಗ ಕ್ಯಾಪ್ ಮುಟ್ಟಲೇಬಾರದು. ಇದು ಎಷ್ಟು ಸಲ ಹೇಳಿದರೂ ಕಡಿಮೆ.

ಎರಡನೇ ವರ್ಷ ಎಂಜಿನ್ ಮಿಸ್ ಹೊಡೆಯತೊಡಗಿತು, ಅಂದರೆ ಒಂದು ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿರಲಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನಡುಕ, ಮೀಟರ್‌ನಲ್ಲಿ ಎಂಜಿನ್ ಲೈಟ್. ನನ್ನ ಹತ್ತಿರ ಕಾರಿನ ಕಂಪ್ಯೂಟರ್‌ನಿಂದ ದೋಷದ ಕೋಡ್ ಓದುವ ಸಣ್ಣ ಓಬಿಡಿ ಸ್ಕ್ಯಾನರ್ ಇದೆ. ಹಳೆಯ ಕಾರು ಇಟ್ಟುಕೊಂಡವರು ಮೊದಲು ಕೊಳ್ಳಬೇಕಾದ ಸಾಮಾನು ಅದೇ. ಪಿ0302 ಅಂತ ಬಂತು. ಅಂದರೆ ಎರಡನೇ ಸಿಲಿಂಡರ್‌ನಲ್ಲಿ ಮಿಸ್. ಸ್ಪಾರ್ಕ್ ಪ್ಲಗ್‌ಗೆ ಕರೆಂಟ್ ಕೊಡುವ ಎರಡನೇ ಇಗ್ನಿಷನ್ ಕಾಯಿಲ್ ತೆಗೆದು ಮೂರನೇದಕ್ಕೆ, ಮೂರನೇದನ್ನು ಎರಡಕ್ಕೆ ಹಾಕಿ, ಕೋಡ್ ಅಳಿಸಿ ಓಡಿಸಿದೆ. ಈಗ ಪಿ0303 ಬಂತು. ಕಾಯಿಲ್ ಜೊತೆ ತೊಂದರೆಯೂ ಜಾಗ ಬದಲಿಸಿತು, ಕಾಯಿಲ್ಲೇ ಕೆಟ್ಟಿದೆ ಅಂತ ಖಚಿತವಾಯಿತು. ಆದರೆ ಕಾಯಿಲ್ ಎತ್ತಿದಾಗ ಅದರ ತುದಿಯ ರಬ್ಬರ್ ಆಯಿಲ್‌ನಲ್ಲಿ ನೆನೆದು ಉಬ್ಬಿತ್ತು. ಪ್ಲಗ್ ಕೂರುವ ಗುಂಡಿಯಲ್ಲಿ ಆಯಿಲ್ ನಿಂತಿತ್ತು. ಎಂಜಿನ್ ಮೇಲಿನ ಮುಚ್ಚಳದ (ಟ್ಯಾಪೆಟ್ ಕವರ್) ಗ್ಯಾಸ್ಕೆಟ್ ಮತ್ತು ಪ್ಲಗ್ ಸೀಲ್ ಗಟ್ಟಿಯಾಗಿ ಬಿಟ್ಟುಕೊಂಡಿದ್ದವು. ಬರೀ ಕಾಯಿಲ್ ಹಾಕಿದ್ದರೆ ಅದೂ ಹೀಗೇ ಹಾಳಾಗುತ್ತಿತ್ತು. ಇಲ್ಲೂ ಮೂಲ ರಬ್ಬರೇ.

ಕಾರಿನ ಕೆಳಗಿನಿಂದ ಬರುತ್ತಿದ್ದ ಟಕ್ ಟಕ್ ಸದ್ದಿನ ಕಥೆಯೂ ಅದೇ. ಸಸ್ಪೆನ್ಷನ್‌ನ ಲಿಂಕ್ ರಾಡ್, ಲೋವರ್ ಆರ್ಮ್ ಬುಷ್ (ಕೀಲಿನಲ್ಲಿ ಕೂರುವ ರಬ್ಬರ್), ಶಾಕ್ ಮೇಲಿನ ಮೌಂಟ್. ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಕಡಿಮೆ ಬೆಲೆಯ ಬುಷ್ ಹಾಕಿಸಿದೆ, ಎಂಟು ತಿಂಗಳಿಗೆ ಹರಿಯಿತು. ಬುಷ್‌ನ ಬೆಲೆ ಉಳಿಯಿತು, ಕೂಲಿ ಮತ್ತು ಅಲೈನ್‌ಮೆಂಟ್ ಎರಡೆರಡು ಸಲ ಕೊಟ್ಟೆ. ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್‌ನ ಜಾಯಿಂಟ್ ಮುಚ್ಚುವ ರಬ್ಬರ್ ಬೂಟ್ ಮಾತ್ರ ಸಮಯಕ್ಕೆ ಸರಿಯಾಗಿ ನೋಡಿದೆ. ಬೂಟ್ ಹರಿದಾಗಲೇ ಬದಲಾಯಿಸಿ ಗ್ರೀಸ್ ತುಂಬಿದರೆ ಜಾಯಿಂಟ್ ಉಳಿಯುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕಟ ಕಟ ಅನ್ನತೊಡಗಿದ ಮೇಲೆ ಬೂಟ್ ಹಾಕಿ ಪ್ರಯೋಜನ ಇಲ್ಲ.

ಬ್ಯಾಟರಿ ಹೊಸದು ಹಾಕಿದರೂ ನಾಲ್ಕೈದು ದಿನ ನಿಂತರೆ ಗಾಡಿ ಸ್ಟಾರ್ಟ್ ಆಗುತ್ತಿರಲಿಲ್ಲ. ಮಲ್ಟಿಮೀಟರ್‌ನಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ನೋಡಿದೆ, ಎಂಜಿನ್ ಓಡುವಾಗ 14.2 ವೋಲ್ಟ್, ಸರಿಯಾಗಿಯೇ ಇತ್ತು. ಎಲ್ಲ ಆಫ್ ಮಾಡಿ, ಅರ್ಧ ಗಂಟೆ ಬಿಟ್ಟು, ಬ್ಯಾಟರಿಯ ನೆಗೆಟಿವ್ ಮತ್ತು ಅದರಿಂದ ಬಿಚ್ಚಿದ ವೈರ್ ನಡುವೆ ಮೀಟರ್ ಇಟ್ಟೆ. 0.43 ಆಂಪಿಯರ್ ಎಳೆಯುತ್ತಿತ್ತು. 0.05 ಒಳಗೆ ಇರಬೇಕು. ಫ್ಯೂಸ್ ಒಂದೊಂದೇ ಕಿತ್ತು ನೋಡಿದಾಗ ಒಳಗಿನ ಲೈಟ್‌ಗಳ ಫ್ಯೂಸ್ ತೆಗೆದ ಕೂಡಲೇ 0.03ಕ್ಕೆ ಇಳಿಯಿತು. ಡಿಕ್ಕಿ ಮುಚ್ಚಿದರೂ ಒಳಗಿನ 5 ವ್ಯಾಟ್ ಬಲ್ಬ್ ಉರಿಯುತ್ತಲೇ ಇತ್ತು. ಲಾಚ್ ಒಳಗಿನ ಸ್ವಿಚ್ ಅಂಟಿಕೊಂಡಿತ್ತು.

ಖರ್ಚಿನ ವಿಷಯ ಹೇಳಿಬಿಡುತ್ತೇನೆ. ಪ್ರತಿ ಬಿಲ್ಲನ್ನೂ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ. ಮೊದಲ ವರ್ಷ ಕೊಂಡ ಬೆಲೆಯ ಮೂರನೇ ಒಂದು ಭಾಗ ರಿಪೇರಿಗೆ ಹೋಯಿತು. ನಾಲ್ಕು ಟೈರ್ ಅದರಲ್ಲೇ ಸೇರಿದೆ. ಟೈರ್ ಮೇಲಿನ ಅಚ್ಚು ಸವೆಯದೆ ಚೆನ್ನಾಗಿಯೇ ಇತ್ತು, ಆದರೆ ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕಿ ಓದಿದರೆ ಒಂಬತ್ತು ವರ್ಷ ಹಳೆಯವು. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ಎರಡನೇ ವರ್ಷ ಖರ್ಚು ಅದರ ಅರ್ಧಕ್ಕೆ ಇಳಿಯಿತು. ಮೂರನೇ ವರ್ಷ ಆಯಿಲ್, ಫಿಲ್ಟರ್, ಬ್ರೇಕ್ ಫ್ಲೂಯಿಡ್ ಅಷ್ಟೇ. ನಾಲ್ಕನೇ ವರ್ಷ ಕ್ಲಚ್. ಹಾಗಾಗಿ ಹಳೆಯ ಕಾರು ಕೊಳ್ಳುವವರು ಕೈಯಲ್ಲಿರುವ ದುಡ್ಡನ್ನೆಲ್ಲ ಕಾರಿಗೇ ಹಾಕಬೇಡಿ. ಕಾಲು ಭಾಗ ಪಕ್ಕಕ್ಕಿಡಿ, ಮೊದಲ ವರ್ಷ ಅದು ಬೇಕಾಗುತ್ತದೆ.

ಇನ್ನೆಷ್ಟು ದಿನ ಇಟ್ಟುಕೊಳ್ಳುತ್ತೀರಿ ಅಂತ ಕೇಳುತ್ತಾರೆ. ಅದಕ್ಕೆ ನಾನು ನೋಡುವುದು ಬಾಡಿಯನ್ನು. ಮಳೆಗಾಲ ಮುಗಿದ ಮೇಲೆ ಜ್ಯಾಕ್ ಕೊಡುವ ಜಾಗ, ಬಾಗಿಲ ಕೆಳಗಿನ ಪಟ್ಟಿ, ಸ್ಟೆಪ್ನಿ ಇಡುವ ಗುಂಡಿ, ಇಷ್ಟನ್ನೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡುತ್ತೇನೆ. ಬಾಗಿಲ ತಳದ ತೂತುಗಳಲ್ಲಿ ಕಟ್ಟಿದ ಮಣ್ಣನ್ನು ಕಡ್ಡಿಯಿಂದ ತೆಗೆಯುತ್ತೇನೆ. ಈ ಸಲ ಎಡಗಡೆ ಜ್ಯಾಕ್ ಜಾಗದಲ್ಲಿ ಪೇಂಟ್ ಸ್ವಲ್ಪ ಉಬ್ಬಿತ್ತು. ಉಜ್ಜಿ ನೋಡಿದೆ, ಕೆಳಗೆ ಲೋಹ ಗಟ್ಟಿಯಾಗಿಯೇ ಇದೆ. ಪ್ರೈಮರ್ ಹೊಡೆದು, ಪೇಂಟ್ ಮಾಡಿ, ತಾರೀಖು ಬರೆದಿಟ್ಟಿದ್ದೇನೆ.