ಕೂಸಿಗೆ ಅರಿವಿ ಆರಿಸೂದು ಹೆಂಗ? ರಾತ್ರಿ ಎರಡು ಗಂಟೆ ಲೆಕ್ಕ ಹಾಕ್ರಿ

ತೊಟ್ಟಿಲಕ್ಕ ಹಾಕೋ ದಿನ ನಮ್ಮ ಮಗಳಿಗೆ 19 ಜೋಡ ಅರಿವಿ ಬಂದಿದ್ವು. ಫ್ರಿಲ್ ಇದ್ದದ್ದು, ನೆಟ್ ಇದ್ದದ್ದು, ಬೆನ್ನಿಗೆ ಚೈನ್ ಇದ್ದದ್ದು, ಒಂದಕ್ಕಂತೂ ಎದಿ ತುಂಬ ಮಣಿ ಪೋಣಿಸಿದ್ರು. ಫೋಟೋದಾಗ ಎಲ್ಲಾನೂ ಭಾಳ ಛಂದ ಕಂಡ್ವು. ಆದ್ರ ಮುಂದ ಮೂರು ತಿಂಗಳ ದಿನಾ ಹಾಕಿದ್ದು ಯಾವ್ದು ಅಂದ್ರ ನಮ್ಮ ಅವ್ವ ಅಪ್ಪನ ಹಳೀ ಧೋತರ ಹರಿದು ಓಣ್ಯಾಗಿನ ಟೇಲರ್ ಕಡೆ ಹೊಲಿಸಿದ ಆರು ಜಬಲಾ. ರೊಕ್ಕ ಕೊಟ್ಟು ತಂದದ್ದು ಕಪಾಟಿನ್ಯಾಗ, ಪುಕ್ಕಟೆ ಆದದ್ದು ಕೂಸಿನ ಮೈ ಮ್ಯಾಲ.

ಅದಕ್ಕ ವಿಜಯಪುರದ ಎಲ್‌ಬಿಎಸ್ ಮಾರ್ಕೆಟ್‌ಗೆ ಹೋಗ್ರಿ, ಆನ್‌ಲೈನ್ ತರಿಸ್ರಿ, ಯಾವ್ದಾರ ಅರಿವಿ ಕೈಯಾಗ ಹಿಡಿದಾಗ ಒಂದ ಮಾತು ಕೇಳ್ಕೋರಿ: ರಾತ್ರಿ ಎರಡಕ್ಕ ಕರೆಂಟ್ ಹೋಗೇತಿ, ಕೂಸು ಒದ್ದಿ ಆಗಿ ಕಿರುಚಾಕತ್ತೇತಿ, ಆಗ ಇದನ್ನ ಒಂದ ಕೈಲೆ ಬಿಚ್ಚಾಕ ಬರ್ತೈತೇನು? ಬರಂಗಿಲ್ಲ ಅಂದ್ರ ವಾಪಸ್ ಇಡ್ರಿ.

1. ಮೊದ್ಲ ತಿಂಗಳ ಎಣಿಸ್ರಿ

ಹೆರಿಗಿ ಡೇಟ್ ಏಪ್ರಿಲ್-ಮೇದಾಗ ಐತೋ, ಸಂಕ್ರಾಂತಿಗೆ ಬರೂ ಸಿದ್ಧೇಶ್ವರ ಜಾತ್ರಿ ಹೊತ್ತಿಗೆ ಐತೋ ನೋಡ್ರಿ. ನಮ್ಮ ಬ್ಯಾಸಗಿ 40 ಡಿಗ್ರಿ ದಾಟತೈತಿ, ಆಗ ಒಂದ ತೆಳು ಜಬಲಾ ಲಂಗೋಟಿ ಸಾಕು. ಜಾತ್ರಿ ಟೈಮಿನ್ಯಾಗ ರಾತ್ರಿ ಥಂಡಿ ಇರ್ತೈತಿ, ಉದ್ದ ತೋಳಿಂದು, ಮ್ಯಾಲೊಂದು ಸ್ವೆಟರ್, ಕಾಲುಚೀಲ ಬೇಕಾಗ್ತಾವ. ಮಳಿಗಾಲ ಆದ್ರ ಬ್ಯಾರೆ ಲೆಕ್ಕ, ಒಣಗಂಗಿಲ್ಲ, ಹಂಗಾಗಿ ಅದೇ ಅರಿವಿ ಇನ್ನೊಂದು ನಾಕು ಜಾಸ್ತಿ ಇಟ್ಕೋರಿ.

ಸೈಜ್ ವಿಚಾರ. 0-3 ತಿಂಗಳು ಅಂತ ಬರದದ್ದು ಎರಡೂವರೆ-ಮೂರು ಕಿಲೋ ಕೂಸಿಗೆ ಮೊದಲ ವಾರ ದೊಗಳಿ ಆಗತೈತಿ, ಕೊಳ್ಳಪಟ್ಟಿ ಬಾಯಿತನಕ ಏರ್ತೈತಿ. ಹಂಗಂತ ಸಣ್ಣ ಸೈಜ್ ಡಜನ್‌ಗಟ್ಟಲೆ ತಂದ್ರ ನಾಕು ವಾರಕ್ಕ ಬಿಗಿ. ಸಣ್ಣವು ನಾಕು-ಐದು, ಉಳಿದದ್ದು ಮುಂದಿನ ಸೈಜ್.

ಹುಟ್ಟೋಕಿಂತ ಮೊದ್ಲ ಹೊಸಾ ಅರಿವಿ ತರಬಾರ್ದು ಅಂತ ನಮ್ಮ ಕಡೆ ಹಿರೇರು ಅಂತಾರಲ್ರಿ, ಅದರ ಜೋಡಿ ಜಗಳಾ ಬ್ಯಾಡ. ಅಕ್ಕನ ಮಕ್ಕಳದ್ದು, ನೆಗೆಣ್ಣಿ ಮಕ್ಕಳದ್ದು ಹತ್ತು ಸಲ ಒಗದು ಮೆತ್ತಗಾದ ಅರಿವಿ ಇಸ್ಕೊಂಡು, ಮತ್ತೊಮ್ಮೆ ಒಗದು ದವಾಖಾನಿ ಬ್ಯಾಗಿನ್ಯಾಗ ಹಾಕ್ರಿ. ಹೊಸಾದ್ರಾಗಿನ ಗಂಜಿ, ಬಣ್ಣ ಅದರಾಗ ಎಲ್ಲಾ ಹೋಗಿರ್ತೈತಿ, ಕೂಸಿನ ತ್ವಚಾಕ್ಕ ಅದಕ್ಕಿಂತ ಚಲೋದು ಸಿಗಂಗಿಲ್ಲ.

2. ಒಳಮಗ್ಗಲಾ ಮಾಡಿ ನೋಡ್ರಿ

ಅಂಗಡ್ಯಾಗ ಎಲ್ಲಾರೂ ಹೊರಗಿಂದ ನೋಡ್ತಾರ, ಕೂಸಿಗೆ ಹತ್ತೂದು ಒಳಗಿಂದು. ಅದನ್ನ ತಿರುವಿ ನಿಮ್ಮ ಗಲ್ಲಕ್ಕ ತಿಕ್ಕಿ ನೋಡ್ರಿ, ಹೊಲಿಗಿ ದಪ್ಪ ಇದ್ರ, ಕೊಳ್ಳ ಹಿಂದಿನ ಲೇಬಲ್ ಚುಚ್ಚಿದ್ರ, ಎಂಬ್ರಾಯ್ಡರಿ ಹಿಂದ ಪೇಪರ್ ಇದ್ದಂಗ ಗಡುಸು ಇದ್ರ ಬ್ಯಾಡ. ಮಲ್ ಬಟ್ಟಿ, ಇಲ್ಲಾ ಬನಿಯನ್‌ಗೆ ಬರ್ತೈತಲ್ಲ ಆ ಹೊಸೈರಿ ಕಾಟನ್, ಇವೆರಡ ಸಾಕು. ನೈಲಾನ್, ಪಾಲಿಸ್ಟರ್ ನಮ್ಮ ಬಿಸಲಿಗೆ ಹಾಕಿದ್ರ ಸಂಜಿಗೆ ಕೊಳ್ಳ ಮಡಿಕಿನ್ಯಾಗ ಬೆವರಸಾಲಿ ಗ್ಯಾರಂಟಿ.

3. ಎಲ್ಲಿ ಬಿಚ್ಚತೈತಿ ನೋಡ್ರಿ

ಮೊದಲ ಎರಡು ತಿಂಗಳ ಕೂಸಿನ ಕೊಳ್ಳ ನಿಂದ್ರಂಗಿಲ್ಲ. ಬೆನ್ನಿಗೆ ಗುಂಡಿ ಇದ್ದದ್ದು ಹಾಕಬೇಕಂದ್ರ ಬೋರಲ ಮಾಡಬೇಕು, ತಲಿಮ್ಯಾಲಿಂದ ಹಾಕೂದಿದ್ರ ಕೊಳ್ಳ ಹಿಡಿಬೇಕು, ಅದು ಅಳ್ತೈತಿ, ಹೊಸಾ ತಾಯಿನೂ ಅಳ್ತಾಳ. ಮುಂದ ಪೂರಾ ಬಿಚ್ಚೂ ಜಬಲಾ, ಮಗ್ಗಲಕ್ಕ ಲಾಡಿ ಕಟ್ಟೂದು, ಇಲ್ಲಾ ಟಿಚ್ ಬಟನ್ ಇದ್ದದ್ದು ಆರಿಸ್ರಿ. ಕೊಳ್ಳಿನ ಸುತ್ತ ಲಾಡಿ, ದಾರ, ರಿಬ್ಬನ್ ಇದ್ರ ಕತ್ತರಿಸಿ ಒಗೀರಿ, ಬಿಗಿ ಆದ್ರ ಉಸರು ಕಟ್ಟತೈತಿ. ಮಣಿ, ಕಿತ್ತು ಬರೂವಂಥ ಗುಂಡಿನೂ ಬ್ಯಾಡ.

ಇನ್ನೊಂದು ನನಗ ಭಾಳ ತಡಾ ಗೊತ್ತಾತು. ಹೆಗಲ ಮ್ಯಾಲ ಒಂದರ ಮ್ಯಾಲೊಂದು ಮಡಚಿದಂಗ ಕಾಣೂ ಅಂಗಿ ಬರ್ತಾವಲ್ಲ, ಡಿಸೈನ್ ಅಂತ ತಿಳಿದಿದ್ದೆ. ಕೂಸು ಹೇಲು ಮಾಡಿ ಬೆನ್ನಿನತನಕ ಏರಿದಾಗ ಆ ಹೆಗಲ ಅಗಲ ಮಾಡಿ ಅಂಗಿನ ಕೆಳಗ, ಕಾಲಿನ ಕಡೆಯಿಂದ ಜಗ್ಗಿ ತಗೀಬೇಕು. ತಲಿಗೆ, ಮುಖಕ್ಕ ಏನೂ ಹತ್ತಂಗಿಲ್ಲ.

4. ಲಂಗೋಟಿ ಎಷ್ಟು?

ನೀವು ಅಂದ್ಕೊಂಡದ್ರ ಡಬಲ್. ಒಂದು ವಾರ ದಾಟಿದ ಕೂಸು ದಿನಕ್ಕ ಕಡಿಮಿ ಅಂದ್ರೂ ಆರು-ಎಂಟು ಸಲ ಉಚ್ಚಿ ಹೊಯ್ತೈತಿ, ಮ್ಯಾಲ ಹೇಲಿಂದು ಬ್ಯಾರೆ. 25 ಲಂಗೋಟಿ, ಎಂಟು-ಹತ್ತು ಜಬಲಾ, ಕೆಳಗ ಹಾಸಾಕ ನಾಕೈದು ಹಳೀ ಕಾಟನ್ ತುಂಡು. ಹೊಕ್ಕಳ ಬಳ್ಳಿ ಉದುರೂತನಕ, ಅಂದ್ರ ಒಂದೆರಡು ವಾರ, ಲಂಗೋಟಿ ಮುಂದಿನ ಅಂಚು ಹೊಕ್ಕಳದ ಕೆಳಗ ಮಡಚ್ರಿ, ಗಾಳಿ ಆಡ್ಲಿ. ಬಸ್ಸಿನ್ಯಾಗ ಬಾಗಲಕೋಟಿಗೆ ಹೋಗೂದಿದ್ರ ಡೈಪರ್ ಹಾಕ್ರಿ, ಯಾರೂ ಬೈಯಂಗಿಲ್ಲ, ಬೈದ್ರ ಅವರ ತೊಡಿ ಮ್ಯಾಲ ಕುಂದ್ರಸ್ರಿ.

5. ಕುಂಚಿಗಿ, ಕುಲಾಯಿ ಮತ್ತ ಆಯಿ

ಗುಳೇದಗುಡ್ಡ ಖಣದ ಕುಂಚಿಗಿ ಇಲ್ದ ನಮ್ಮ ಕಡೆ ತೊಟ್ಟಿಲ ಕಾರ್ಯಕ್ರಮ ಆಗೂದುಂಟ? ಆಗ್ಲಿ, ಹೊಲಿಸ್ರಿ, ಆದ್ರ ಟೇಲರ್‌ಗೆ ಒಳಗ ಮೆತ್ತನ ಹಳೀ ಕಾಟನ್ ಅಸ್ತರ ಹಚ್ಚಾಕ ಹೇಳ್ರಿ, ಖಣದ ಹಿಂಬದಿ ದಾರ ನೆತ್ತಿಗೆ ತಿಕ್ಕತಾವ. ಫೋಟೋ ಆದಮ್ಯಾಲ ಬಿಚ್ಚಿಡ್ರಿ.

ಹುಟ್ಟಿದ ಹೊಸತರಾಗ ತಲಿ ಮುಚ್ಚೂದು ಬೇಕು, ತಲಿಯಿಂದನ ಭಾಳ ಕಾವು ಹೋಗತೈತಿ. ಆದ್ರ ಮೇ ತಿಂಗಳ ಪತ್ರಾಸ ಮನ್ಯಾಗ ಕುಲಾಯಿ, ಸ್ವೆಟರ್, ಮ್ಯಾಲ ಕೌದಿ ಹೊಚ್ಚಿ ಮಲಗಿಸೂದು ಅಪಾಯ, ಮೈ ಕಾದು ಹೋಗತೈತಿ. ನಮ್ಮ ಆಯಿ, ಅಂದ್ರ ಅಜ್ಜಿ, ಬಿಡವಲ್ಲಳು. "ಕೈ ತಣ್ಣಗದಾವ ನೋಡ, ಕಿವ್ಯಾಗ ಗಾಳಿ ಹೊಕ್ಕೇತಿ" ಅಂತಿದ್ಲು. ಸಣ್ಣ ಕೂಸಿನ ಕೈಕಾಲು ಯಾವಾಗ್ಲೂ ಸ್ವಲ್ಪ ತಣ್ಣಗ ಇರ್ತಾವ್ರಿ. ಕೊಳ್ಳ ಹಿಂದ, ಇಲ್ಲಾ ಎದಿ ಮ್ಯಾಲ ಎರಡು ಬೆರಳ ಇಟ್ಟು ನೋಡಬೇಕು. "ಆಯಿ, ಇಲ್ಲಿ ಮುಟ್ಟು" ಅಂತ ಆಕಿ ಕೈ ಹಿಡಿದು ಕೊಳ್ಳ ಹಿಂದ ಇಟ್ಟೆ, ಜಿಬಿಜಿಬಿ ಬೆವತಿತ್ತು. ಏನೂ ಮಾತಾಡ್ಲಿಲ್ಲ, ಕುಲಾಯಿ ತಾನ ಬಿಚ್ಚಿ ಗೂಟಕ್ಕ ಹಾಕಿದ್ಲು. ಮರುದಿನ ಮತ್ತ ಹಾಕಿದ್ಲು, ಅದು ಬ್ಯಾರೆ ಮಾತು.

ಧೋತರದಾಗ ಸುತ್ತೂದಿದ್ರ ಎದಿ ಕಡೆ ಸುತ್ತ್ರಿ, ಕಾಲು ಬಿಡ್ರಿ. ಕಾಲು ನೆಟ್ಟಗ ಜಗ್ಗಿ ಬಿಗಿ ಕಟ್ಟಿದ್ರ ಟೊಂಕದ ಕೀಲು ಜರಗಬಹುದು, ಕಪ್ಪಿ ಹಂಗ ಮಡಚಾಕ ಜಾಗಾ ಇರಬೇಕು. ಹೊರಳಾಕ ಶುರು ಮಾಡಿತಂದ್ರ ಸುತ್ತೂದು ಬಂದ್.

6. ಟ್ರಂಕಿನ ವಾಸನಿ

ಇದನ್ನ ಮಾತ್ರ ಮರೀಬ್ಯಾಡ್ರಿ. ಹಳೀ ಇಳಕಲ್ ಸೀರಿ ಕೌದಿ, ಹಿಂದಿನ ಮಕ್ಕಳ ಸ್ವೆಟರ್ ಎಲ್ಲಾ ಟ್ರಂಕಿನ್ಯಾಗ ಡಾಂಬರ ಗುಳಗಿ (ನ್ಯಾಫ್ತಲಿನ್) ಜೋಡಿ ಇರ್ತಾವ. ಕೆಲವು ಕೂಸಿಗೆ ಹುಟ್ಟತಲೇ ರಕ್ತದ ಕೆಂಪು ಕಣ ಕಾಯೂ ಜಿ-ಸಿಕ್ಸ್-ಪಿಡಿ ಅನ್ನೋ ಕಿಣ್ವ ಕಡಿಮಿ ಇರ್ತೈತಿ, ಮ್ಯಾಲ ನೋಡಿದ್ರ ಗೊತ್ತಾಗಂಗಿಲ್ಲ, ಅಂಥವಕ್ಕ ಆ ಗುಳಗಿ ಗಾಳಿ ಹತ್ತಿದ್ರ ಆ ಕೆಂಪು ಕಣ ಒಡದು ಕಾಮಾಲಿ ಏರಬಹುದು. ಹೆರಿಗಿಗೆ ಒಂದು ತಿಂಗಳ ಮೊದ್ಲ ತಗದು, ಒಗದು, ಬಿಸಲಿಗೆ ಹಾಕಿ, ವಾಸನಿ ಪೂರಾ ಹೋದಮ್ಯಾಲ ಬಳಸ್ರಿ. ವಾಸನಿ ಉಳಿದಿದ್ರ ಆ ಕೌದಿ ನೀವ ಹೊಚ್ಕೋರಿ.

7. ಒಗಿಯೂದು, ಒಣಗಿಸೂದು

ಬೋರಿನ ಉಪ್ಪ ನೀರಾಗ ಸಬಕಾರ ಲಗೂನ ಬಿಡಂಗಿಲ್ಲ, ಒಣಗಿದ ಲಂಗೋಟಿ ಹಪ್ಪಳ ಆಗತಾವ. ಒಂದ ನೀರು ಜಾಸ್ತಿ ಹಿಂಡ್ರಿ, ಕೈಯಾಗ ತಿಕ್ಕಿ ಮೆತ್ತಗ ಮಾಡಿ ಮಡಚ್ರಿ. ಘಮ್ಮನ್ನೂ ಕಂಫರ್ಟ್ ನೀರು, ಡೆಟಾಲ್ ಬ್ಯಾಡ. ಹಗ್ಗದಿಂದ ತಗದಾಗ ಜಾಡಿಸ್ರಿ, ಇರವಿ ಇರ್ತಾವ. ಕೈಚೀಲ, ಕಾಲುಚೀಲ ಪ್ರತಿ ಸಲ ತಿರುವಿ ಒಳಗಿನ ದಾರ ಕತ್ತರಿಸ್ರಿ. ಒಂದ ದಾರ ಬೆರಳಿಗೆ ಸುತ್ತಿದ್ರ ರಕ್ತ ನಿಂತು ಬೆರಳ ಬಾತುಬಿಡ್ತೈತಿ, ಕೂಸು ಯಾಕ ಅಳತೈತಿ ಅಂತ ಮನಿ ಮಂದಿಗೆಲ್ಲಾ ತಿಳಿಯಂಗಿಲ್ಲ. ಉಗುರು ಪರಚತೈತಿ ಅಂತ ಕೈಚೀಲ ಹಾಕೂದಕ್ಕಿಂತ ನಿದ್ದಿಯಾಗ ಉಗುರು ತಗೀರಿ.

ಇನ್ನ ಯಾರಾರ "ಕೂಸಿಗೆ ಏನ್ ತರೂಣ್ರಿ?" ಅಂತ ಫೋನ್ ಮಾಡಿದ್ರ ಸಂಕೋಚ ಬ್ಯಾಡ, "ಆರು ತಿಂಗಳಿಂದ ಒಂದು ವರ್ಷದ ಸೈಜ್, ಕಾಟನ್, ಮುಂದ ಬಿಚ್ಚೂದು" ಅಂತ ಹೇಳಿಬಿಡ್ರಿ. ಆಗಿನ ಹೊತ್ತಿಗೆ ಬಂದ ಅರಿವಿ ಎಲ್ಲಾ ಸಣ್ಣ ಆಗಿ, ಕೊಡಾವ್ರು ಯಾರೂ ಇರಂಗಿಲ್ಲ.