ಗೋಡೆಯ ಆಚೆ ಯಾರು ಕೂರುತ್ತಾರೆ? ವಿಕಿರಣ ಸುರಕ್ಷತೆ ಓದಿದ ನನ್ನ ಅನುಭವ

ಎಂಎಸ್ಸಿ ಫಿಸಿಕ್ಸ್ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಪ್ರವೇಶ ಪರೀಕ್ಷೆ ಬರೆದು, ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ರೇಡಿಯೊಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾ ಮಾಡಿದೆ. ಒಂದು ವರ್ಷ ಓದು, ಆಮೇಲೆ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಒಂದು ವರ್ಷ ಇಂಟರ್ನ್‌ಶಿಪ್. ಈಗ ಆಸ್ಪತ್ರೆಯೊಂದರಲ್ಲಿ ಮೆಡಿಕಲ್ ಫಿಸಿಸಿಸ್ಟ್, ಜೊತೆಗೆ ವಿಕಿರಣ ಸುರಕ್ಷತೆಯ ಹೊಣೆ. ನಮ್ಮಲ್ಲಿ ಎಲ್ಲರೂ ಆರ್‌ಎಸ್‌ಒ (ರೇಡಿಯೇಶನ್ ಸೇಫ್ಟಿ ಆಫೀಸರ್) ಅಂತಲೇ ಕರೆಯುತ್ತಾರೆ.

ಡಿಟೆಕ್ಟರ್, ಡೋಸಿಮೆಟ್ರಿ (ದೇಹಕ್ಕೆ ಎಷ್ಟು ವಿಕಿರಣ ತಾಗಿತು ಎಂದು ಅಳೆಯುವುದು), ಜೀವಕೋಶದ ಮೇಲಿನ ಪರಿಣಾಮ, ನಿಯಮಗಳು ಎಲ್ಲವನ್ನೂ ಓದಬೇಕು. ಆದರೆ ನನ್ನ ಮನಸ್ಸು ಹಿಡಿದದ್ದು ಗೋಡೆಯ ಲೆಕ್ಕ. ವಿಕಿರಣದಿಂದ ಕ್ಯಾನ್ಸರ್ ಚಿಕಿತ್ಸೆ ಕೊಡುವ ಯಂತ್ರವಾದ ಲೀನಿಯರ್ ಆಕ್ಸಿಲರೇಟರ್ ಕೋಣೆಯ ಕಾಂಕ್ರೀಟ್ ಎಷ್ಟು ದಪ್ಪ ಇರಬೇಕು? ಒಂದು ಉದಾಹರಣೆ ನೋಡೋಣ. 6 ಎಂವಿ ಯಂತ್ರ, ಅಂದರೆ 6 ಮೆಗಾವೋಲ್ಟ್ ಎಕ್ಸ್-ರೇ ಕೊಡುವಂಥದ್ದು. ಯಂತ್ರ ಒಂದು ಮೀಟರ್ ದೂರದಲ್ಲಿ ವಾರಕ್ಕೆ ಒಟ್ಟು 500 ಗ್ರೇ (ಹೀರಿಕೊಂಡ ವಿಕಿರಣದ ಅಳತೆ) ಕೊಡುತ್ತದೆ. ಅದರಲ್ಲಿ ಕಾಲು ಭಾಗ ಈ ಗೋಡೆಯ ಕಡೆಗೆ. ಕಾಪಾಡಬೇಕಾದ ಜಾಗ 5 ಮೀಟರ್ ದೂರ. ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ (ದೇಹದ ಮೇಲಿನ ವಿಕಿರಣದ ಪರಿಣಾಮದ ಅಳತೆ; ಎಕ್ಸ್-ರೇಗೆ 1 ಗ್ರೇ ಅಂದರೆ 1000 ಮಿಲಿಸೀವರ್ಟ್) ಮಿತಿ, ಅಂದರೆ ವಾರಕ್ಕೆ ಸುಮಾರು 0.02. ಕಾಂಕ್ರೀಟಿನಲ್ಲಿ ವಿಕಿರಣ ಹತ್ತನೇ ಒಂದಕ್ಕೆ ಇಳಿಯಲು ಮೊದಲು 37 ಸೆಂ.ಮೀ. ಬೇಕು. ಆಮೇಲೆ ಪ್ರತಿ ಸಲ ಹಾಗೆ ಇಳಿಯಲು 33 ಸೆಂ.ಮೀ. ಮಿತಿಗೆ ತರಲು ಹೀಗೆ ಸುಮಾರು 5.4 ಸಲ ಇಳಿಸಬೇಕು; ಲೆಕ್ಕ ಹಾಕಿದರೆ ಸುಮಾರು 182 ಸೆಂ.ಮೀ. ಬರುತ್ತದೆ.

ಇದು ಗೋಡೆಯ ಆಚೆ ಯಾರಾದರೂ ಇಡೀ ದಿನ ಕೂತು ಕೆಲಸ ಮಾಡುವಾಗ. ಅಲ್ಲಿ ಜನ ಸುಮ್ನೆ ದಾಟಿ ಹೋಗುವ ಕಾರಿಡಾರ್ ಇದ್ದರೆ, ಐದರಲ್ಲಿ ಒಂದು ಪಾಲು ಹೊತ್ತು ಮಾತ್ರ ಯಾರೋ ಇರುತ್ತಾರೆ ಎಂದು ಹಿಡಿಯುತ್ತೇವೆ. ಆಗ 159 ಸೆಂ.ಮೀ. ಸಾಕು. ನೋಡಿ, ಫಿಸಿಕ್ಸ್ ಬದಲಾಗಲಿಲ್ಲ, ಮನುಷ್ಯ ಎಲ್ಲಿ ಕೂರುತ್ತಾನೆ ಅನ್ನೋದು ಬದಲಾಯಿತು. ಹಾಗಾಗಿ ಕಟ್ಟಡದ ನಕ್ಷೆಯನ್ನು ಕಟ್ಟುವ ಮೊದಲೇ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು. ಕೆಲವು ವರ್ಷ ಕಳೆದ ಮೇಲೆ ಅದೇ ಕಾರಿಡಾರಿನಲ್ಲಿ ಮೇಜು ಹಾಕಿ ಬಿಲ್ಲಿಂಗ್ ಕೌಂಟರ್ ಮಾಡೋಣ ಎಂದು ಯಾರಾದರೂ ಹೊರಟರೆ, ತಡೆದು ಮತ್ತೆ ಲೆಕ್ಕ ಹಾಕಬೇಕಾದವರು ನಾವು. ಆ ಕೌಂಟರಿನಲ್ಲಿ ಕೂರುವವರಿಗೆ ಗೋಡೆಯ ಹಿಂದೆ ಏನಿದೆ ಎಂದು ಗೊತ್ತಿರಲ್ಲ, ಅಲ್ವಾ? ಈ ಕೆಲಸದಲ್ಲಿ ನನಗೆ ಜಾಸ್ತಿ ಕಾಳಜಿ ಇರುವುದು ಅವರ ಬಗ್ಗೆಯೇ.

ಸಿಬ್ಬಂದಿಯ ವಿಷಯ ಸ್ವಲ್ಪ ಸುಲಭ. ಅವರ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ಯಾವುದೇ ಒಂದು ವರ್ಷ 30 ದಾಟಬಾರದು. ಎದೆಯ ಹತ್ತಿರ, ತಗುಲಿದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಹಾಕಬೇಕು. ಸೀಸದ ಏಪ್ರನ್ ತೊಟ್ಟರೆ ಬ್ಯಾಡ್ಜ್ ಅದರ ಒಳಗಿರಬೇಕು. ಇದನ್ನು ನಾನು ಹೊಸ ನರ್ಸ್‌ಗಳಿಗೂ ಟೆಕ್ನಿಶಿಯನ್‌ಗಳಿಗೂ ಬೇಸರವಿಲ್ಲದೆ ಪದೇ ಪದೇ ಹೇಳುತ್ತೇನೆ.

ಓದಲು ಹೊರಟವರು ಲಾಗರಿದಮ್, ಅರ್ಧಾಯುಷ್ಯ, ದೂರದ ವರ್ಗದ ನಿಯಮ (ದೂರ ಎರಡರಷ್ಟಾದರೆ ವಿಕಿರಣ ಕಾಲು ಭಾಗಕ್ಕೆ ಇಳಿಯುತ್ತದೆ ಎಂಬುದು) ಈ ಮೂರನ್ನು ಕೈಯಲ್ಲೇ ಲೆಕ್ಕ ಮಾಡಿ ಗಟ್ಟಿ ಮಾಡಿಕೊಳ್ಳಿ. ಆಸ್ಪತ್ರೆ ಇಷ್ಟವಿಲ್ಲದವರಿಗೆ ಪರಿಸರದ ದಾರಿಯೂ ಇದೆ. ಉಳ್ಳಾಲದ ಕಡಲತೀರದ ಮರಳಿನಲ್ಲಿ ಥೋರಿಯಂ ಇರುವ ಖನಿಜ ಮೊನಜೈಟ್ ಇರುವುದರಿಂದ ಅಲ್ಲಿ ಸಹಜ ವಿಕಿರಣವೇ ಜಾಸ್ತಿ. ಅದನ್ನೂ ಕೈಗಾ ಅಣು ವಿದ್ಯುತ್ ಸ್ಥಾವರದ ಸುತ್ತಲಿನ ಪರಿಸರವನ್ನೂ ಮಂಗಳೂರು ವಿಶ್ವವಿದ್ಯಾಲಯದವರು ಅಳೆದು ಅಧ್ಯಯನ ಮಾಡಿದ್ದಾರೆ. ಆ ಕಡೆ ಮನಸ್ಸಿದ್ದರೆ ಪಿಎಚ್‌ಡಿಗೆ ಮೊದಲು ಅಲ್ಲೇ ವಿಚಾರಿಸಿ.