ಲೂಪಸ್ ಕಿಡ್ನಿ ಸಂಶೋಧನೆ ಓದೋದು ಹೇಗೆ? ಡಾಕ್ಟರ್ ಅಲ್ಲದವರಿಗೆ ಒಂದು ಕೈಪಿಡಿ

ಮನೆಯಲ್ಲಿ ಒಬ್ಬರಿಗೆ ಲೂಪಸ್ ಇದೆ ಅಂದರೆ ಸಾಕು, ಆಗಾಗ ವಾಟ್ಸ್ಆ್ಯಪ್‌ಗೆ ಒಂದು ಸುದ್ದಿ ಬಂದೇ ಬರುತ್ತದೆ. "ಕಿಡ್ನಿಗೆ ಹೊಸ ಔಷಧಿ ಬಂದಿದೆಯಂತೆ, ನಿಮ್ಮ ಡಾಕ್ಟರನ್ನ ಕೇಳಿ ನೋಡಿ." ಕಳಿಸಿದವರು ಒಳ್ಳೇ ಮನಸ್ಸಿನಿಂದಲೇ ಕಳಿಸಿರುತ್ತಾರೆ. ಆದರೆ ಆ ಸುದ್ದಿಯ ಹಿಂದಿರುವ ಅಧ್ಯಯನದಲ್ಲಿ ನಿಮ್ಮಂಥವರು ಇದ್ದರಾ? ನೋಡಬೇಕಾದ ಪ್ರಶ್ನೆ ಇದೊಂದೇ. ಇದನ್ನು ಕಂಡುಕೊಳ್ಳೋಕೆ ಎಂಬಿಬಿಎಸ್ ಬೇಕಿಲ್ಲ. ಶೇಕಡಾ ಲೆಕ್ಕ ಗೊತ್ತಿದ್ದರೆ ಆಯ್ತು.

ಮೊದಲು ನಿಮ್ಮ ಫೈಲ್ ತೆಗೆಯಿರಿ

ಸುದ್ದಿ ಓದೋದು ಆಮೇಲೆ. ನಿಮ್ಮದೇ ಕಾಯಿಲೆಯ ಲೆಕ್ಕ ಗೊತ್ತಿಲ್ಲದೆ ಯಾವ ಸಂಶೋಧನೆ ಓದಿದರೂ ಅದು ನಮಗೇ ಬರೆದ ಹಾಗೆ ಕಾಣುತ್ತದೆ.

ಲೂಪಸ್‌ನಲ್ಲಿ ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದೇಹದ ಮೇಲೆ ತಿರುಗಿ ಬೀಳುತ್ತದೆ ಅಲ್ವಾ. ಹೀಗೆ ದಾರಿ ತಪ್ಪಿದ ಆಂಟಿಬಾಡಿಗಳು ಕಿಡ್ನಿಯಲ್ಲಿ ರಕ್ತ ಸೋಸುವ ಜಾಗದಲ್ಲಿ ಹೋಗಿ ಕೂತು ಉರಿಯೂತ ಎಬ್ಬಿಸುತ್ತವೆ. ಆಗ ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ, ಕೆಲವೊಮ್ಮೆ ರಕ್ತವೂ ಸೇರುತ್ತದೆ. ಮೂತ್ರದಲ್ಲಿ ನೊರೆ, ಕಾಲಲ್ಲಿ ಬಾವು, ಏರಿದ ಬಿಪಿ, ಎಲ್ಲ ಇದರಿಂದಲೇ. ಏನೂ ಲಕ್ಷಣ ಇಲ್ಲದೆ ಸುಮ್ನೆ ಒಳಗೊಳಗೇ ನಡೆಯುವುದೂ ಉಂಟು. ಇದಕ್ಕೇ ಲೂಪಸ್ ನೆಫ್ರೈಟಿಸ್ ಅನ್ನುವುದು.

ಫೈಲಿನಲ್ಲಿ ಹುಡುಕಬೇಕಾದ್ದು ಮುಖ್ಯವಾಗಿ ಮೂರು. ಬಯಾಪ್ಸಿ, ಅಂದರೆ ಕಿಡ್ನಿಯ ಚೂರು ತೆಗೆದು ಮಾಡುವ ಪರೀಕ್ಷೆ, ಅದರ ವರದಿಯಲ್ಲಿ ಕಾಯಿಲೆಯ ಕ್ಲಾಸ್ ಎಷ್ಟು ಅಂತ ಬರೆದಿರುತ್ತಾರೆ, 1ರಿಂದ 6ರವರೆಗೆ, ಸಾಮಾನ್ಯವಾಗಿ ರೋಮನ್ ಅಂಕಿಗಳಲ್ಲಿ. ಈ ವಿಂಗಡಣೆ 2003ರದ್ದು, 2018ರಲ್ಲಿ ಸ್ವಲ್ಪ ತಿದ್ದಿದ್ದಾರೆ. ಔಷಧಿ ಸಂಶೋಧನೆಗಳೆಲ್ಲ ಹೆಚ್ಚುಕಡಿಮೆ 3, 4, 5ನೇ ಕ್ಲಾಸಿನ ಸುತ್ತಲೇ ಇವೆ. 2ನೇ ಕ್ಲಾಸಿನವರು ಅಂಥ ಸುದ್ದಿಗೆ ತಲೆ ಕೆಡಿಸಿಕೊಳ್ಳುವ ಅಗತ್ಯ ಅಷ್ಟಾಗಿ ಇಲ್ಲ.

ಎರಡನೆಯದು ಮೂತ್ರದ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ. ಕ್ರಿಯಾಟಿನಿನ್ ಅಂದರೆ ಕಿಡ್ನಿ ಹೊರಹಾಕುವ ಒಂದು ತ್ಯಾಜ್ಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ತುಂಬಾ ಜನ ಎಡವುವುದು ಇಲ್ಲೇ. ಒಂದು ಲ್ಯಾಬ್ 0.5 ಅಂತ ಕೊಡುತ್ತದೆ, ಇನ್ನೊಂದು ಅದನ್ನೇ 500 ಅಂತ ಕೊಡುತ್ತದೆ. ಮೊದಲನೆಯದು ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಎಷ್ಟು ಗ್ರಾಂ ಪ್ರೋಟೀನ್ ಅಂತ, ಎರಡನೆಯದು ಎಷ್ಟು ಮಿಲಿಗ್ರಾಂ ಅಂತ. ಎರಡೂ ಒಂದೇ. ಲ್ಯಾಬ್ ಬದಲಾಯಿಸಿದ ತಿಂಗಳು ಹೌಹಾರುವ ಮೊದಲು ಪಕ್ಕದಲ್ಲಿರುವ ಯೂನಿಟ್ ನೋಡಿ. ಮೂತ್ರದ ಮಾಮೂಲಿ ಪರೀಕ್ಷೆಯ 1+, 2+ ಇದಕ್ಕೆ ಸಮ ಅಲ್ಲ. ನೀರು ಎಷ್ಟು ಕುಡಿದಿದ್ದೀರಿ ಅನ್ನುವುದರ ಮೇಲೆ ಅದು ಏರಿಳಿಯುತ್ತದೆ. ಮೂರನೆಯದು ಇಜಿಎಫ್ಆರ್, ಅಂದರೆ ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅನ್ನುವ ಅಂದಾಜು. ಇದರ ಜೊತೆಗೆ ಈಗ ತಗೊಳ್ಳುತ್ತಿರುವ ಮಾತ್ರೆಗಳ ಪಟ್ಟಿ, ಸ್ಟೀರಾಯ್ಡ್ ಡೋಸ್ ಸಮೇತ, ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಸುದ್ದಿ ಬಿಡಿ, ಮೂಲ ಹಿಡಿಯಿರಿ

ಪೇಪರಿನಲ್ಲೋ ಯೂಟ್ಯೂಬಿನಲ್ಲೋ ಬಂದದ್ದು ಮೂರನೇ ಕೈ ಮಾತು. ಔಷಧಿಯ ಹೆಸರು ಮತ್ತು ಲೂಪಸ್ ನೆಫ್ರೈಟಿಸ್ ಅನ್ನುವ ಎರಡನ್ನೂ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕುವ ತಾಣವಾದ ಪಬ್‌ಮೆಡ್‌ನಲ್ಲಿ ಹುಡುಕಿ. ದುಡ್ಡು ಕೊಡಬೇಕಿಲ್ಲ, ಸಾರಾಂಶ ಎಲ್ಲರಿಗೂ ತೆರೆದಿರುತ್ತದೆ. ಅದರಲ್ಲಿ ಎಷ್ಟು ಜನ, ಯಾರನ್ನು ಯಾರ ಜೊತೆ ಹೋಲಿಸಿದರು, ಎಷ್ಟು ವಾರ, ಫಲಿತಾಂಶ ಏನು, ಇಷ್ಟು ಸಿಕ್ಕರೆ ಸಾಕು. ಇಂಗ್ಲಿಷ್ ಕಷ್ಟ ಆದರೆ ಮನೆಯ ಕಾಲೇಜು ಹುಡುಗರನ್ನು ಹಿಡಿದು ಕೂರಿಸಿಕೊಳ್ಳಿ.

ಇಲಿಗಳ ಮೇಲೆ, ಅಥವಾ ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಮಾಡಿದ ಕೆಲಸ ಅಂತ ಕಂಡರೆ ಅಲ್ಲಿಗೇ ನಿಲ್ಲಿಸಿ. ಅದು ವಿಜ್ಞಾನಿಗಳ ಕೆಲಸಕ್ಕೆ ಬೇಕಾದ್ದು, ನಿಮ್ಮ ಮುಂದಿನ ಚೆಕಪ್‌ಗೆ ಅದರಿಂದ ಏನೂ ಆಗುವುದಿಲ್ಲ.

ಒಂದು ಅಧ್ಯಯನ ಬಿಡಿಸಿ ನೋಡೋಣ

ಬೆಲಿಮುಮಾಬ್ ಅಂತ ಒಂದು ಇಂಜೆಕ್ಷನ್. ಲೂಪಸ್ ನೆಫ್ರೈಟಿಸ್‌ಗೆ ಅಂತಲೇ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಪಡೆದ ಮೊದಲ ಔಷಧಿ ಇದು, 2020ರ ಡಿಸೆಂಬರ್‌ನಲ್ಲಿ. ಅದಕ್ಕೆ ಆಧಾರವಾದ ಅಧ್ಯಯನದ ಹೆಸರು ಬ್ಲಿಸ್-ಎಲ್‌ಎನ್. 448 ಜನ, 2 ವರ್ಷ.

ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಬೆಲಿಮುಮಾಬ್, ಇನ್ನೊಂದಕ್ಕೆ ಪ್ಲಸೀಬೊ, ಅಂದರೆ ಔಷಧಿ ಇಲ್ಲದ ಖಾಲಿ ಇಂಜೆಕ್ಷನ್. ಇದನ್ನು ಕೇಳಿದ ಕೂಡಲೇ "ಅಯ್ಯೋ, ಕಾಯಿಲೆಯವರಿಗೆ ನೀರು ಕೊಟ್ಟು ಕೂರಿಸಿದರಾ" ಅನ್ನುತ್ತಾರೆ. ಹಾಗಲ್ಲ. ಎರಡೂ ಗುಂಪಿಗೂ ಮಾಮೂಲಿ ಚಿಕಿತ್ಸೆ, ಸ್ಟೀರಾಯ್ಡ್ ಜೊತೆಗೆ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಮೈಕೊಫೆನೊಲೇಟ್ ಅಥವಾ ಸೈಕ್ಲೊಫಾಸ್ಫಮೈಡ್, ನಡೆದೇ ಇತ್ತು. ಹೊಸದು ಅದರ ಮೇಲೆ ಸೇರಿದ್ದು ಅಷ್ಟೆ. ಆದ್ದರಿಂದ "ಹೊಸ ಔಷಧಿ ಬಂತು, ಹಳೇ ಮಾತ್ರೆ ಬಿಡಬಹುದು" ಅನ್ನುವ ತೀರ್ಮಾನ ಈ ಅಧ್ಯಯನದಿಂದ ಬರುವುದೇ ಇಲ್ಲ.

ಫಲಿತಾಂಶ: ಬೆಲಿಮುಮಾಬ್ ಗುಂಪಿನಲ್ಲಿ ಶೇ. 43 ಜನಕ್ಕೆ ಒಳ್ಳೆಯ ಗುಣ ಸಿಕ್ಕಿತು, ಇನ್ನೊಂದರಲ್ಲಿ ಶೇ. 32 ಜನಕ್ಕೆ. ಕಳೆಯಿರಿ, 11. ಅಂದರೆ 100 ಜನಕ್ಕೆ ಈ ಇಂಜೆಕ್ಷನ್ ಹೆಚ್ಚಿಗೆ ಕೊಟ್ಟರೆ 11 ಜನಕ್ಕೆ ಹೆಚ್ಚಿನ ಲಾಭ. ಸುಮಾರು 9 ಜನಕ್ಕೆ ಕೊಟ್ಟರೆ ಒಬ್ಬರಿಗೆ. ಉಳಿದವರಲ್ಲಿ ಕೆಲವರು ಇದು ಇಲ್ಲದೆಯೂ ಸುಧಾರಿಸುತ್ತಿದ್ದರು, ಕೆಲವರು ಇದನ್ನು ಕೊಟ್ಟರೂ ಆ ಮಟ್ಟಕ್ಕೆ ಸುಧಾರಿಸಲಿಲ್ಲ. ಇದು ಸಣ್ಣ ವಿಷಯ ಅಂತಲ್ಲ. ಈ ಕಾಯಿಲೆಯಲ್ಲಿ ಇಷ್ಟು ಸಾಧಿಸೋಕೆ ಎಷ್ಟೋ ವರ್ಷ ಹಿಡಿದಿದೆ. ಆದರೆ "ಕಿಡ್ನಿ ಕಾಯಿಲೆಗೆ ರಾಮಬಾಣ" ಅನ್ನುವ ಹೆಡ್‌ಲೈನ್‌ಗೂ ಇದಕ್ಕೂ ದೂರ ಇದೆ.

ಇನ್ನು "ಒಳ್ಳೆಯ ಗುಣ" ಅಂದರೇನು ಅಂತ ಅವರೇ ಬರೆದಿರುತ್ತಾರೆ, ಅದನ್ನು ಬಿಡದೆ ಓದಿ. ಬ್ಲಿಸ್-ಎಲ್‌ಎನ್‌ನಲ್ಲಿ ಮುಖ್ಯ ಗೆಲುವಿನ ಗೆರೆ ಪ್ರೋಟೀನ್ ಅನುಪಾತ 0.7 ಅಥವಾ ಕಡಿಮೆ, ಜೊತೆಗೆ ಇಜಿಎಫ್ಆರ್ ಹೆಚ್ಚು ಬಿದ್ದಿರಬಾರದು. ಅದೇ ಅಧ್ಯಯನದಲ್ಲಿ ಇನ್ನೂ ಬಿಗಿಯಾದ ಗೆರೆಯೂ ಇತ್ತು, ಪ್ರೋಟೀನ್ 0.5ಕ್ಕಿಂತ ಕಡಿಮೆ ಇರಬೇಕು ಅಂತ. ಆ ಗೆರೆ ಹಾಕಿದ ಕೂಡಲೇ 43 ಇದ್ದದ್ದು 30 ಆಯ್ತು, 32 ಇದ್ದದ್ದು 20 ಆಯ್ತು. ಅದೇ ಜನ, ಅದೇ ಔಷಧಿ! ಹಾಗಾಗಿ ಒಂದು ಅಧ್ಯಯನದ ಶೇಕಡಾವನ್ನು ಇನ್ನೊಂದರ ಪಕ್ಕ ಇಟ್ಟು "ಇದೇ ಜಾಸ್ತಿ, ಇದೇ ವಾಸಿ" ಅನ್ನೋಕೆ ಹೋಗಬೇಡಿ.

ಗುಣಾಕಾರದ ಮೋಸ

ವೊಕ್ಲೊಸ್ಪೊರಿನ್ ಅಂತ ಇನ್ನೊಂದು ಔಷಧಿ, ಬಾಯಿಂದ ತಗೊಳ್ಳುವ ಕ್ಯಾಪ್ಸೂಲ್. 2021ರ ಜನವರಿಯಲ್ಲಿ ಎಫ್‌ಡಿಎ ಒಪ್ಪಿತು. ಅದರ ಅರೋರಾ-1 ಅಧ್ಯಯನದಲ್ಲಿ 357 ಜನ ಇದ್ದರು. 52 ವಾರಕ್ಕೆ ಪೂರ್ಣ ಗುಣ ಕಂಡವರು ಶೇ. 41, ಹೋಲಿಕೆಯ ಗುಂಪಿನಲ್ಲಿ ಶೇ. 23. ವ್ಯತ್ಯಾಸ 18. ಚೆನ್ನಾಗಿಯೇ ಇದೆ.

ಆದರೆ ಸಾರಾಂಶದಲ್ಲಿ ಆಡ್ಸ್ ರೇಶಿಯೊ 2.65 ಅಂತ ಒಂದು ಸಂಖ್ಯೆ ಇದೆ. ಇದನ್ನು ನೋಡಿ "ಗುಣವಾಗುವ ಸಾಧ್ಯತೆ ಎರಡೂವರೆ ಪಟ್ಟಿಗೂ ಜಾಸ್ತಿ" ಅಂತ ಬರೆದುಬಿಡುತ್ತಾರೆ. 23ರ 2.65 ಪಟ್ಟು ಎಷ್ಟು? 61 ಹತ್ತಿರ. ಆದರೆ ಗುಣವಾಗಿದ್ದು 41. ಆಡ್ಸ್ ಅಂದರೆ ಗುಣವಾದವರನ್ನು ಗುಣವಾಗದವರಿಂದ ಭಾಗಿಸಿದ ಲೆಕ್ಕ, ನಾವು ನೀವು ಆಡುವ ಶೇಕಡಾ ಅಲ್ಲ. 41ನ್ನು 59ರಿಂದ ಭಾಗಿಸಿ, 23ನ್ನು 77ರಿಂದ ಭಾಗಿಸಿ, ಒಂದನ್ನು ಇನ್ನೊಂದರಿಂದ ಭಾಗಿಸಿ. 2.3ರ ಸುಮಾರು ಬರುತ್ತದೆ, ಸಂಖ್ಯಾಶಾಸ್ತ್ರದ ಹೊಂದಾಣಿಕೆ ಸೇರಿ ಅದು 2.65 ಆಗಿದೆ. ನೀವು ಇಷ್ಟೆಲ್ಲ ಮಾಡಬೇಕಿಲ್ಲ. ಪಟ್ಟು ಅಂತ ಕಂಡಲ್ಲೆಲ್ಲ ಮೂಲ ಶೇಕಡಾ ಎರಡನ್ನೂ ಹುಡುಕಿ ಕಳೆಯಿರಿ.

ಯಾರನ್ನು ಹೊರಗಿಟ್ಟರು?

ನನ್ನ ಕೇಳಿದರೆ ಎಲ್ಲಕ್ಕಿಂತ ಮುಖ್ಯ ಇದು, ಎಲ್ಲರೂ ಹಾರಿಸುವುದೂ ಇದನ್ನೇ. ಅರೋರಾ-1ರಲ್ಲಿ ಇಜಿಎಫ್ಆರ್ 45 ಅಥವಾ ಅದಕ್ಕಿಂತ ಕಡಿಮೆ ಇದ್ದವರನ್ನು ಸೇರಿಸಿಕೊಳ್ಳಲೇ ಇಲ್ಲ. ಬ್ಲಿಸ್-ಎಲ್‌ಎನ್‌ನಲ್ಲಿ 30ಕ್ಕಿಂತ ಕಡಿಮೆ ಇದ್ದವರಿಗೆ ಜಾಗ ಇರಲಿಲ್ಲ. ನಿಮ್ಮ ಇಜಿಎಫ್ಆರ್ 38 ಇದ್ದರೆ ಆ ಶೇ. 41 ನಿಮ್ಮಂಥವರ ಲೆಕ್ಕ ಅಲ್ಲ. ಈ ಮಾಹಿತಿ ಸಾರಾಂಶದಲ್ಲಿ ಸಿಗದೇ ಹೋಗಬಹುದು. ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ಅನ್ನುವ ಅಮೆರಿಕ ಸರ್ಕಾರದ ತಾಣದಲ್ಲಿ ಆ ಅಧ್ಯಯನದ ಪುಟ ತೆರೆದರೆ ಯಾರು ಸೇರಬಹುದು, ಯಾರು ಸೇರಬಾರದು ಅಂತ ಇರುತ್ತದೆ.

ಊರು, ಜನಾಂಗವೂ ಲೆಕ್ಕಕ್ಕೆ ಬರುತ್ತದೆ. ಯೂರೊ-ಲೂಪಸ್ ಅಂತ 2002ರ ಹೆಸರಾಂತ ಅಧ್ಯಯನ, 90 ಜನ, ಬಹುಪಾಲು ಯುರೋಪಿನ ಬಿಳಿಯರು. ಸೈಕ್ಲೊಫಾಸ್ಫಮೈಡನ್ನು 15 ದಿನಕ್ಕೊಮ್ಮೆ 500 ಮಿಲಿಗ್ರಾಂನಂತೆ 6 ಸಲ ಕೊಟ್ಟರೂ ಹೆಚ್ಚಿನ ಡೋಸ್‌ನಷ್ಟೇ ಕೆಲಸ ಮಾಡುತ್ತದೆ ಅಂತ ಅದು ತೋರಿಸಿತು. ಒಟ್ಟು 3 ಗ್ರಾಂ ಅಷ್ಟೆ. ಮಕ್ಕಳಾಗುವ ಶಕ್ತಿಗೆ ಹೊಡೆತ ಬೀಳುವ ಔಷಧಿ ಅದು, ಕಾಯಿಲೆ ಬರುವುದು ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳಿಗೆ, ಅಂದಮೇಲೆ ಡೋಸ್ ಇಳಿದದ್ದು ದೊಡ್ಡ ಸಮಾಧಾನ. ನಮ್ಮವರಿಗೂ ಸಾಕಾಗುತ್ತಾ? ಚಂಡೀಗಢದ ಪಿಜಿಐ ಆಸ್ಪತ್ರೆಯಲ್ಲಿ 100 ಜನರ ಮೇಲೆ ಇದೇ ಕಡಿಮೆ ಡೋಸನ್ನು ಮೈಕೊಫೆನೊಲೇಟ್ ಜೊತೆ ಹೋಲಿಸಿದರು, 2016ರಲ್ಲಿ ಪ್ರಕಟವಾಯಿತು. ಎರಡೂ ಸಮ ಬಂತು, ಹೊಟ್ಟೆಯ ತೊಂದರೆ ಮೈಕೊಫೆನೊಲೇಟ್‌ನಲ್ಲಿ ಜಾಸ್ತಿ. ಆದರೆ ಕಿಡ್ನಿ ತೀರಾ ಹದಗೆಟ್ಟವರನ್ನು ಅದರಲ್ಲಿ ತಗೊಂಡಿರಲಿಲ್ಲ. ಪುದುಚೇರಿಯ ಜಿಪ್‌ಮರ್ ಆಸ್ಪತ್ರೆಯಲ್ಲಿ 75 ಜನರ ಮೇಲೆ ಕಡಿಮೆ ಡೋಸ್, ಹೆಚ್ಚು ಡೋಸ್ ಎರಡನ್ನೂ ಹೋಲಿಸಿ 2018ರಲ್ಲಿ ಪ್ರಕಟಿಸಿದಾಗ ಹೆಚ್ಚು ಡೋಸ್‌ನವರ ಫಲಿತಾಂಶವೇ ಮೇಲಿತ್ತು. ಹಾಗಾಗಿ ಒಬ್ಬ ಡಾಕ್ಟರ್ ಒಂದು ಡೋಸ್, ಇನ್ನೊಬ್ಬರು ಇನ್ನೊಂದು ಹೇಳಿದರೆ ಯಾರೋ ಒಬ್ಬರಿಗೆ ಗೊತ್ತಿಲ್ಲ ಅಂತ ಅಂದುಕೊಳ್ಳಬೇಡಿ.

ಸೋತ ಅಧ್ಯಯನ, ಪುಟ್ಟ ಅಧ್ಯಯನ

ರಿಟುಕ್ಸಿಮಾಬ್ ಅಂತ ಒಂದು ಔಷಧಿ, ಆಂಟಿಬಾಡಿ ತಯಾರಿಗೆ ಕಾರಣವಾದ ಬಿ ಜೀವಕೋಶಗಳನ್ನು ಅಳಿಸುವಂಥದ್ದು. ಅದರ ಮೇಲೆ ಲೂನಾರ್ ಅಂತ ಅಧ್ಯಯನ ನಡೆಯಿತು, 144 ಜನ. ಎರಡು ಗುಂಪಿನ ನಡುವೆ ಖಚಿತ ವ್ಯತ್ಯಾಸ ಕಾಣದೆ ಕಾಗದದ ಮೇಲೆ ಅದು ಸೋತಿತು. ಆದರೂ ಬೇರೆ ಯಾವುದಕ್ಕೂ ಬಗ್ಗದ ಕಾಯಿಲೆಯಲ್ಲಿ ಡಾಕ್ಟರುಗಳು ಇವತ್ತಿಗೂ ಅದನ್ನು ಬಳಸುತ್ತಾರೆ. ಎಲ್ಲರಿಗೂ ಮೊದಲೇ ಸ್ಟೀರಾಯ್ಡ್, ಮೈಕೊಫೆನೊಲೇಟ್ ಎರಡೂ ಸಿಗುತ್ತಿದ್ದಾಗ 144 ಜನರಲ್ಲಿ ಸಣ್ಣ ವ್ಯತ್ಯಾಸ ಹಿಡಿಯೋದು ಕಷ್ಟ. ಅದೇ ಜಾತಿಯ, ಬಿ ಜೀವಕೋಶಗಳನ್ನು ಇನ್ನೂ ಚೆನ್ನಾಗಿ ಅಳಿಸುವ ಒಬಿನುಟುಜುಮಾಬ್‌ಗೆ ರೀಜೆನ್ಸಿ ಅಧ್ಯಯನದಲ್ಲಿ 271 ಜನರಲ್ಲಿ ಗೆಲುವು ಸಿಕ್ಕಿತು: ಪೂರ್ಣ ಗುಣ ಕಂಡವರು ಔಷಧಿ ಗುಂಪಿನಲ್ಲಿ ಶೇ. 46.4, ಇನ್ನೊಂದರಲ್ಲಿ ಶೇ. 33.1. 2025ರ ಅಕ್ಟೋಬರ್‌ನಲ್ಲಿ ಎಫ್‌ಡಿಎ ಒಪ್ಪಿಗೆಯೂ ಸಿಕ್ಕಿತು. ಆದರೆ ಅಡ್ಡ ಪರಿಣಾಮದ ಭಾಗವನ್ನೂ ಓದಿ: ಗಂಭೀರ ತೊಂದರೆಗಳು, ಮುಖ್ಯವಾಗಿ ಸೋಂಕು ಮತ್ತು ಕೋವಿಡ್, ಔಷಧಿ ಗುಂಪಿನಲ್ಲೇ ಹೆಚ್ಚು. ಹಿಂದೆ ಟಿಬಿ ಆಗಿತ್ತಾ, ಹೆಪಟೈಟಿಸ್ ಬಿ ಇತ್ತಾ ಅಂತ ಡಾಕ್ಟರ್ ಪದೇ ಪದೇ ಕೇಳುವುದು ಇದಕ್ಕೇ. ಇಂಥ ಔಷಧಿ ಬಿದ್ದಾಗ ಮಲಗಿದ್ದ ಸೋಂಕು ಏಳಬಹುದು.

ಪುಟ್ಟ ಅಧ್ಯಯನದ ಉದಾಹರಣೆ ಕಾರ್-ಟಿ. ರೋಗಿಯದೇ ಟಿ ಜೀವಕೋಶ (ರೋಗನಿರೋಧಕ ವ್ಯವಸ್ಥೆಯ ಇನ್ನೊಂದು ಬಗೆಯ ಕೋಶ) ತೆಗೆದು, ಲ್ಯಾಬಿನಲ್ಲಿ ತಿದ್ದಿ, ವಾಪಸ್ ಬಿಡುವ ಚಿಕಿತ್ಸೆ. ಜರ್ಮನಿಯ ಎರ್ಲಾಂಗೆನ್‌ನ ಗೇಯಾರ್ಗ್ ಶೆಟ್ ಮತ್ತವರ ತಂಡ 2022ರಲ್ಲಿ 5 ಜನರ ಫಲಿತಾಂಶ ಕೊಟ್ಟಿತು, ಐವರೂ ಲೂಪಸ್ ಮಾತ್ರೆಗಳನ್ನೇ ಬಿಟ್ಟು ಚೆನ್ನಾಗಿದ್ದರು. ಓದಿದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ಆದರೆ ಐದೇ ಜನ, ಹೋಲಿಕೆಗೆ ಗುಂಪಿಲ್ಲ. ಆಸೆ ಇಟ್ಟುಕೊಳ್ಳಿ, ಆಸ್ತಿ ಮಾರಬೇಡಿ.

ಟ್ರಯಲ್‌ಗೆ ಸೇರಬೇಕು ಅನ್ನಿಸಿದರೆ

ಭಾರತದಲ್ಲಿ ನಡೆಯುವ ಟ್ರಯಲ್‌ಗಳು ಸಿಟಿಆರ್‌ಐ ಅನ್ನುವ ಸರ್ಕಾರಿ ದಾಖಲೆಯಲ್ಲಿ ಇರಬೇಕು, ಮತ್ತು ಅದನ್ನು ಯಾರು ಬೇಕಾದರೂ ನೋಡಬಹುದು. ಕಾಯಿಲೆಯ ಹೆಸರು ಹಾಕಿ ಹುಡುಕಿದರೆ ಯಾವ ಊರು, ಯಾವ ಆಸ್ಪತ್ರೆ, ಇನ್ನೂ ಜನರನ್ನು ಸೇರಿಸಿಕೊಳ್ಳುತ್ತಿದ್ದಾರಾ ಅನ್ನುವುದು ಕಾಣುತ್ತದೆ. ಅಲ್ಲಿ ಇಲ್ಲದ "ಟ್ರಯಲ್"ಗೆ ಯಾರಾದರೂ ಕರೆದರೆ, ಅದರಲ್ಲೂ ಔಷಧಿಗೆ ದುಡ್ಡು ಕೇಳಿದರೆ, ಎದ್ದು ಬನ್ನಿ.

ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು, ಕನ್ನಡದಲ್ಲಿ ಕೊಡಿ ಅಂತ ಕೇಳಿ. ಮನೆಗೆ ಒಯ್ದು ಓದೋಕೆ ಸಮಯ ಕೇಳಿ. ಮದುವೆ, ಮಗು ಯೋಚನೆ ಇದ್ದರೆ ಮೊದಲೇ ಬಾಯಿಬಿಟ್ಟು ಹೇಳಿ, ಮೈಕೊಫೆನೊಲೇಟ್, ಸೈಕ್ಲೊಫಾಸ್ಫಮೈಡ್ ಎರಡೂ ಗರ್ಭಕ್ಕೆ ಅಪಾಯ. ಅತ್ತೆ ಮಾವನ ಎದುರು ಹೇಳೋಕೆ ಮುಜುಗರ ಆದರೆ ಡಾಕ್ಟರ್ ಹತ್ತಿರ ಒಬ್ಬರೇ ಮಾತಾಡಬೇಕು ಅನ್ನಿ. ಟ್ರಯಲ್‌ನಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡಕ್ಕೂ 2019ರ ನಿಯಮಗಳಲ್ಲಿ ಅವಕಾಶ ಇದೆ. ಯಾವಾಗ ಬೇಕಾದರೂ ಹೊರಗೆ ಬರಬಹುದು, ಕಾರಣ ಹೇಳಬೇಕಿಲ್ಲ. ಆದರೆ ಹೊರಬರುವ ದಿನ ಸ್ಟೀರಾಯ್ಡ್ ಮಾತ್ರ ನೀವಾಗೇ ನಿಲ್ಲಿಸಬೇಡಿ. ಅದನ್ನು ಡಾಕ್ಟರ್ ಹೇಳಿದ ಹಾಗೆ ಹಂತ ಹಂತವಾಗಿಯೇ ಇಳಿಸಬೇಕು.